ಪಟೇಲರು ಕೊಟ್ಟ ಬೆತ್ತ

1969ರ ಜನವರಿ 6, ಸೋಮವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಮಳಲಿಕೊಪ್ಪಲಿನ ಪಟೇಲ ಸಿದ್ದಮಲ್ಲಪ್ಪನವರು ಕರಿಗಲ್ಲು ಮಠದ ಹೊರಬಾಗಿಲ ಮುಂದೆ ಬರಿಗಾಲಲ್ಲಿ ನಿಂತರು. ಸೊಂಟಕ್ಕೆ ಬಿಳಿ ಪಂಚೆ, ಹೆಗಲಿಗೆ ಒಂದು ವಲ್ಲಿ, ಅಷ್ಟೇ. ರುಮಾಲನ್ನು ಗಾಡಿಯಲ್ಲೇ ಬಿಟ್ಟು ಬಂದಿದ್ದರು. ಇಬ್ಬನಿಗೆ ಚಪ್ಪಡಿ ಕಲ್ಲು ಪೂರ್ತಿ ಒದ್ದೆಯಾಗಿತ್ತು. ಅವರ ಮುಂದೆ ಬೆತ್ತ ಹಿಡಿದು ನಿಂತಿದ್ದವರು ಊರಿನ ಐನೋರು ಚನ್ನಬಸವಯ್ಯ. ಹಿಂದೆ, ಸ್ವಲ್ಪ ದೂರದಲ್ಲಿ, ಒಂದು ದಿನದ ರಜೆ ಹಾಕಿ ಬಂದಿದ್ದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನೀಲಕಂಠಸ್ವಾಮಿ. ಚಳಿ ಹನ್ನೆರಡು ಡಿಗ್ರಿಯ ಆಸುಪಾಸು ಇರಬೇಕೆಂದು ಅವರು ಮನಸ್ಸಿನಲ್ಲೇ ಅಂದಾಜು ಮಾಡಿದರು. ಪಟೇಲರ ತೊಡೆ ನಡುಗುತ್ತಿತ್ತು, ಮುಖ ಮಾತ್ರ ಪಂಚಾಯಿತಿ ಸಭೆಯಲ್ಲಿ ಕೂತಾಗ ಇರುವ ಹಾಗೇ ಇತ್ತು.

ಪಟೇಲಗಿರಿ ಕಾನೂನಿನಿಂದ ರದ್ದಾಗಿ ಕೆಲವು ವರ್ಷ ಕಳೆದಿತ್ತು. ಸಿದ್ದಮಲ್ಲಪ್ಪನವರು ಈಗ ಪಂಚಾಯಿತಿಯ ಛೇರ್ಮನ್. ಕೆಲಸ ಹೋದರೂ ಹೆಸರು ಉಳಿದಿತ್ತು, ಹೆಸರಿನ ಜೊತೆ ಒಂದೆರಡು ಹಕ್ಕುಗಳೂ ಉಳಿದಿದ್ದವು. ಮಳಲಿಕೊಪ್ಪಲಿಗೆ ಹೊಸ ಐನೋರು ಬಂದಾಗ ಅವರಿಗೆ ಎರಡು ವಸ್ತುಗಳನ್ನು ಕೊಡುವುದು ವಾಡಿಕೆ. ಬೆತ್ತವನ್ನು ಕರಿಗಲ್ಲು ಮಠದ ಸ್ವಾಮಿಗಳು ಕೊಡಬೇಕು. ಮದುವೆ, ಮಕ್ಕಳಿಗೆ ಲಿಂಗ ಕಟ್ಟುವುದು, ಸತ್ತವರಿಗೆ ಮಣ್ಣು ಕೊಡುವುದು, ಇವೆಲ್ಲ ಆ ಬೆತ್ತದ ಅಧಿಕಾರ. ಜೋಳಿಗೆಯನ್ನು ಪಟೇಲರು ಕೊಡಬೇಕು. ಕಣದಲ್ಲಿ ರಾಗಿ ತೂರಿದ ಮೇಲೆ ಮೊದಲ ಮೊರ ಆ ಜೋಳಿಗೆಗೆ ಬೀಳುತ್ತದೆ.

ಹಿಂದಿನ ಐನೋರು ಗೌರಿಹಬ್ಬದ ವೇಳೆಗೆ ತೀರಿಕೊಂಡಿದ್ದರು. ಮಠದಿಂದ ಯಾರನ್ನೂ ಕಳಿಸಲಿಲ್ಲ. ಸುಗ್ಗಿ ಹತ್ತಿರ ಬಂತು. ಸ್ವಾಮಿಗಳ ಮನಸ್ಸಿನಲ್ಲಿ ಶಿವನಂಜಯ್ಯ ಎಂಬುವರು ಇದ್ದಾರೆ, ಐವತ್ತು ದಾಟಿದ ಮನುಷ್ಯ, ಹುಣಸೂರಿನ ಕಡೆಯವರು ಎಂದು ಸುದ್ದಿಯಿತ್ತು. ಪಟೇಲರಿಗೆ ಹೊರಗಿನವರು ಬೇಕಿರಲಿಲ್ಲ. ಒಂದು ಸಂಜೆ ಊರನ್ನು ಸೇರಿಸಿ, ತೀರಿಕೊಂಡ ಐನೋರ ತಂಗಿಯ ಮಗ ಚನ್ನಬಸವಯ್ಯನಿಗೆ ಜೋಳಿಗೆಯನ್ನೂ ಕೊಟ್ಟರು, ಬೆತ್ತವನ್ನೂ ಕೊಟ್ಟರು. ಯುದ್ಧದ ಕಾಲದಲ್ಲಿ ತಮ್ಮ ತಂದೆ ಒಮ್ಮೆ ಹೀಗೇ ಮಾಡಿದ್ದರೆಂದು ಹೇಳಿದರು. ಅದನ್ನು ಕಂಡವರು ಆ ಸಭೆಯಲ್ಲಿ ಯಾರೂ ಇರಲಿಲ್ಲ.

ಮಠದಿಂದ ಒಂದೇ ಮಾತು ಬಂತು. ಬೆತ್ತ ಹಿಂದಕ್ಕೆ ಬರುವ ತನಕ ಮಠಕ್ಕೆ ಸೇರಿದ ಯಾವ ಐನೋರೂ ಪಟೇಲರ ಹೊಸಲು ತುಳಿಯಬಾರದು. ಪಟೇಲರು ನಕ್ಕು, "ನಮ್ಮೂರಲ್ಲೇ ಒಬ್ಬ ಐನೋರ್ ಅವ್ನಲ್ಲ" ಅಂದರು.

ದೀಪಾವಳಿ ಕಳೆದ ಮೇಲೆ ಅವರ ತಾಯಿ ದೊಡ್ಡತಾಯಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬಂದು ನೋಡಿ, ಇನ್ನು ಏಳುವುದಿಲ್ಲ ಎಂದರು. ದೊಡ್ಡತಾಯಮ್ಮ ಅದನ್ನು ಕೇಳಿಸಿಕೊಂಡು, ಹಾಗಾದರೆ ಕೊನೆಯ ಕೆಲಸ ಮುಗಿಸಿಬಿಡಿ ಎಂದರು. ಕೊನೆಯ ಕೆಲಸವೆಂದರೆ ಉಸಿರು ಇರುವಾಗ ಐನೋರ ಪಾದೋದಕ ಕುಡಿಯುವುದು, ಉಸಿರು ಹೋದ ಮೇಲೆ ತಲೆಯ ಮೇಲೆ ಅವರ ಪಾದ ಇಡಿಸಿಕೊಳ್ಳುವುದು. ಅದಾಗದೆ ಮಣ್ಣಿಗೆ ಹೋದವರನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಚನ್ನಬಸವಯ್ಯ ಮಡಿಯಲ್ಲಿ ಬಂದು ಮಂಚದ ಪಕ್ಕ ನಿಂತರು. ಮುದುಕಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನೀನು ಒಳ್ಳೆ ಹುಡುಗ ಕಣಪ್ಪ. ಆದ್ರೆ ಆ ಕಾಲು ನನ್ ಮಗ ಕೊಟ್ಟಿದ್ದು. ನನ್ ಮಗನ ಕಾಲ್ನ ನಾನು ಎಣ್ಣೆ ಹಚ್ಚಿ ನೀವಿದೀನಿ. ಅದನ್ನ ತಲೆ ಮ್ಯಾಲೆ ಮಡಗಿಸ್ಕಳ್ಳಾ?"

ಚನ್ನಬಸವಯ್ಯ ಹೊರಗೆ ಹೋದರು. ಅಂದಿನಿಂದ ಪಟೇಲರು ಊಟಕ್ಕೆ ಕೂತಾಗಲೆಲ್ಲ ಒಳಗಿನಿಂದ ಒಂದೇ ಪ್ರಶ್ನೆ ಬರುತ್ತಿತ್ತು. "ಮಠಕ್ಕೆ ಓದ್ಯೇನ್ಲಾ?"

ನೀಲಕಂಠಸ್ವಾಮಿ ಬಿ.ಎಸ್ಸಿ. ಓದಿದವರು, ಕೃಷ್ಣರಾಜನಗರದ ಕಡೆಯವರು. ಪಟೇಲರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಚರಿತ್ರೆಯ ಮೇಷ್ಟ್ರು ಪಿರಿಯಾಪಟ್ಟಣಕ್ಕೆ ವರ್ಗವಾಗಿ, ಬದಲಿಗೆ ಯಾರೂ ಬರದೆ, ಒಂಬತ್ತನೆಯ ತರಗತಿಯ ಚರಿತ್ರೆ ಅವರ ಪಾಲಿಗೆ ಬಿದ್ದಿತ್ತು. ಗೊತ್ತಿಲ್ಲದ ವಿಷಯವಾದ್ದರಿಂದ ಬೆಳಗ್ಗೆ ಜಗಲಿಯ ಮೇಲೆ ಕೂತು ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಡಿಸೆಂಬರ್ ಕೊನೆಯ ವಾರದ ಒಂದು ಬೆಳಗ್ಗೆ ಪಟೇಲರು ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ಯಾರು ಮೇಷ್ಟ್ರೇ ಅದು, ಪೋಪು?"

"ಕ್ರೈಸ್ತರ ಜಗದ್ಗುರು ಅಂತ ಇಟ್ಕೊಳ್ಳಿ. ರೋಮ್ ಅಂತ ಊರು, ಅಲ್ಲಿ ಅವರ ಪೀಠ. ಇವರು ಏಳನೇ ಗ್ರೆಗರಿ. ಒಂಬೈನೂರು ವರ್ಷದ ಹಿಂದಿನವರು."

"ಜಗಳ ಯಾರ್ ಜತೆ?"

"ಜರ್ಮನಿಯ ರಾಜ ನಾಲ್ಕನೇ ಹೆನ್ರಿ ಅಂತ, ಅವನ ಜೊತೆ. ಸೀಮೆ ಸೀಮೆಗೆ ಒಬ್ಬೊಬ್ಬ ಗುರು ಇರ್ತಿದ್ರು, ಬಿಷಪ್ ಅಂತಾರೆ. ಅವರನ್ನ ನೇಮಿಸುವಾಗ ಉಂಗುರ, ಬೆತ್ತ ಯಾರು ಕೊಡಬೇಕು ಅಂತ ಜಗಳ."

ಪಟೇಲರು ಲೋಟವನ್ನು ಕೆಳಗಿಟ್ಟರು. "ಬೆತ್ತವಾ?"

"ಬೆತ್ತವೇ. ರಾಜ ತಾನೇ ಕೊಡ್ತಾ ಬಂದಿದ್ದ. ಪೋಪರು ಕೂಡದು ಅಂದ್ರು. ರಾಜ, ನೀನು ಪೋಪನೇ ಅಲ್ಲ, ಪೀಠ ಬಿಟ್ಟಿಳಿ ಅಂತ ಕಾಗದ ಬರೆದ. ಪೋಪರು ಅವನಿಗೆ ಬಹಿಷ್ಕಾರ ಹಾಕಿದರು. ಯಾವ ಗುರುವೂ ಅವನಿಗೆ ಯಾವ ಕರ್ಮವನ್ನೂ ಮಾಡಿಸಬಾರದು, ಪ್ರಜೆಗಳು ಅವನ ಮಾತು ಕೇಳಬೇಕಾಗಿಲ್ಲ."

"ಆ ರಾಜನ್ಗೆ ತಾಯಿ ಇದ್ಲಾ?"

ಇದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ನೀಲಕಂಠಸ್ವಾಮಿ ಕಾಲೇಜಿನ ಗೆಳೆಯನಿಂದ ತಂದಿದ್ದ ದಪ್ಪ ಪುಸ್ತಕವೊಂದನ್ನು ತೆರೆದು ಹುಡುಕಿದರು. "ಇದ್ದಳು. ಆಗ್ನೆಸ್ ಅಂತ. ಅವಳು ರೋಮಿನಲ್ಲೇ ಇದ್ದಳು, ಪೋಪರ ಕಡೆ."

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಪಟೇಲರ ಹೆಂಡತಿ ಸುಂದ್ರಮ್ಮ ತಲೆಯೆತ್ತದೆ, "ಅಲ್ಲೂ ಅಂಗೇಯಾ" ಅಂದರು.

ಪಾಠದ ಕೊನೆಯ ಭಾಗವನ್ನು ಪಟೇಲರು ಎರಡು ಸಲ ಓದಿಸಿದರು. ಸಾಮಂತರು ಕೈಬಿಟ್ಟಾಗ ರಾಜ ನಡುಚಳಿಗಾಲದಲ್ಲಿ ಬೆಟ್ಟ ದಾಟಿ ಬಂದ. ಪೋಪರು ಕನೋಸಾ ಎಂಬ ಕೋಟೆಯಲ್ಲಿದ್ದರು. ರಾಜ ಮೂರು ದಿನ ಕೋಟೆ ಬಾಗಿಲ ಹೊರಗೆ, ಹಿಮದಲ್ಲಿ, ಒರಟು ಬಟ್ಟೆಯುಟ್ಟು ಬರಿಗಾಲಲ್ಲಿ ನಿಂತ. ಕೊನೆಗೆ ಬಾಗಿಲು ತೆರೆಯಿತು, ಪೋಪರು ಅವನನ್ನು ಕ್ಷಮಿಸಿದರು. ಪಾಠ ಅಲ್ಲಿಗೆ ಮುಗಿದು, ಕೆಳಗೆ ಅಭ್ಯಾಸದ ಪ್ರಶ್ನೆಗಳಿದ್ದವು.

"ಬೆತ್ತ ವಾಪಸ್ ಕೊಟ್ನಾ?"

"ಇದರಲ್ಲಿ ಬರೆದಿಲ್ಲ."

"ಬರ್ದಿಲ್ಲ ಅಂದ್ರೆ ಕೊಟ್ಟಿಲ್ಲ." ಪಟೇಲರು ಲೋಟ ಎತ್ತಿಕೊಂಡರು. "ಬಾಗ್ಲಲ್ಲಿ ನಿಂತ್ಕಂಡೋನ್ಗೆ ಗುರು ಆದೋನು ಇಲ್ಲ ಅನ್ನಂಗಿಲ್ಲ. ಅದೇ ಅದರ ಗುಟ್ಟು ಅಲ್ವಾ?"

ದಪ್ಪ ಪುಸ್ತಕದಲ್ಲಿ ಮುಂದಿನ ಪುಟಗಳಿದ್ದವು. ಆದರೆ ಶಾಲೆಯ ಗಂಟೆಗೆ ಹೊತ್ತಾಗಿತ್ತು.

ಹೀಗೆ ಆ ಸೋಮವಾರ ಅವರು ಮಠದ ಬಾಗಿಲಿಗೆ ಬಂದದ್ದು. ಬರುವಾಗ ಗಾಡಿಯಿಂದ ಇಳಿದ ಮೇಲೆ ಚನ್ನಬಸವಯ್ಯ ಬೆತ್ತ ಕುಟ್ಟುತ್ತ ಮುಂದೆ ನಡೆದರು, ಪಟೇಲರು ಅವರ ಹಿಂದೆ. ಆ ಸೀಮೆಯಲ್ಲಿ ಭಕ್ತರು ಮಠಕ್ಕೆ ಹೋಗುವುದೇ ಹಾಗೆ. ಊರಿನ ಐನೋರು ಬೆತ್ತ ಹಿಡಿದು ಮುಂದೆ ಹೋಗಬೇಕು. ಐನೋರಿಲ್ಲದೆ ಮಠಕ್ಕೆ ಹೋಗುವುದು ಪಟೇಲರಿಗೆ ಹೊಳೆಯಲೂ ಇಲ್ಲ. ಇಂಥದೇ ವಾಡಿಕೆಯಲ್ಲಿ ಬೆಳೆದ ನೀಲಕಂಠಸ್ವಾಮಿಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಬಿಸಿಲು ಬಂತು. ಚಪ್ಪಡಿಯ ಇಬ್ಬನಿ ಆರಿತು. ಮಠದ ಅಡುಗೆಯವನು ಎರಡು ಸಲ ಬಂದು ನೋಡಿ ಹೋದ. ಹತ್ತು ಗಂಟೆಯ ಹೊತ್ತಿಗೆ ಮೇಷ್ಟ್ರನ್ನು ಮಾತ್ರ ಒಳಗೆ ಕರೆದರು.

ಸ್ವಾಮಿಗಳು ಕಿಟಕಿಯ ಪಕ್ಕ ಕಂಬಳಿಯ ಮೇಲೆ ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಪಟ್ಟಕ್ಕೆ ಬರುವ ಮೊದಲು ಮೈಸೂರಿನಲ್ಲಿ ಬಿ.ಎ. ಓದಿದವರು, ಆಗ ತೆಗೆದುಕೊಂಡಿದ್ದ ವಿಷಯ ಚರಿತ್ರೆ. ನೀಲಕಂಠಸ್ವಾಮಿ ಅಡ್ಡಬಿದ್ದು ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ. ಗಾಡಿ ಹೊಡೆಯೋನು ಅಡುಗೆಯವನಿಗೆ ಎಲ್ಲಾ ಹೇಳಿದಾನೆ. ಹಿಮ ಬೀಳದ ಊರಲ್ಲಿ ನಮ್ಮ ಪಟೇಲ ಹಿಮಕ್ಕೆ ಕಾಯ್ತಾ ನಿಂತಿದಾನೆ ಅಂತ. ಗ್ರೆಗರಿ ಕತೆ ಎಲ್ಲೀತನಕ ಹೇಳಿದಿರಿ?"

"ಕನೋಸಾ ತನಕ ಬುದ್ಧಿ. ಪಠ್ಯದಲ್ಲಿ ಅಷ್ಟೇ ಇರೋದು."

"ಮಿಕ್ಕಿದ್ದು ನೀವು ಓದಿದೀರಾ?"

"ಆಮೇಲೆ ಓದಿದೆ."

"ಹೇಳಿ ನೋಡೋಣ."

ನೀಲಕಂಠಸ್ವಾಮಿ ತರಗತಿಯಲ್ಲಿ ಹೇಳುವ ಹಾಗೆ ಕ್ರಮವಾಗಿ ಹೇಳಿದರು. ಕ್ಷಮೆ ಸಿಕ್ಕ ರಾಜ ಊರಿಗೆ ಹೋಗಿ ಮತ್ತೆ ಬಲಗೊಂಡ. ಬೆತ್ತ ಕೊಡುವುದನ್ನು ಬಿಡಲಿಲ್ಲ. ಪೋಪರು ಎರಡನೆಯ ಸಲ ಬಹಿಷ್ಕಾರ ಹಾಕಿದರು. ಅದಕ್ಕೆ ಮೊದಲನೆಯದರಷ್ಟು ಬೆಲೆ ಬರಲಿಲ್ಲ. ರಾಜ ತನ್ನದೇ ಒಬ್ಬ ಪೋಪನನ್ನು ಮಾಡಿಕೊಂಡು, ಸೈನ್ಯ ತಂದು ರೋಮನ್ನು ಹಿಡಿದ. ಗ್ರೆಗರಿ ಕೋಟೆಯೊಳಗೆ ಸಿಕ್ಕಿಕೊಂಡರು. ಬಿಡಿಸಲು ಬಂದ ನೆಂಟಸ್ತಿಕೆಯವರು ಊರನ್ನೇ ಸೂರೆ ಮಾಡಿದರು. ಜನ ತಿರುಗಿಬಿದ್ದರು. ಪೋಪರು ದಕ್ಷಿಣಕ್ಕೆ ಹೋಗಿ ಸಲೆರ್ನೊ ಎಂಬ ಊರಲ್ಲಿ ಸತ್ತರು.

"ಬಿಡಿಸೋಕೆ ಬಂದೋರು ನಾರ್ಮನ್ನರು, ನೆಂಟರಲ್ಲ. ಮಿಕ್ಕಿದ್ದು ಸರಿ," ಎಂದರು ಸ್ವಾಮಿಗಳು. "ಅವತ್ತು ಗ್ರೆಗರಿ ಬಾಗಿಲು ತೆಗೀದೆ ಇದ್ದಿದ್ರೆ?"

"ಒಂದೇ ಸಲ ನಡೆದದ್ದು ಬುದ್ಧಿ. ಇನ್ನೊಂದು ಥರ ಮಾಡಿ ನೋಡೋಕೆ ಆಗಲ್ಲ."

"ನಾನು ಪರೀಕ್ಷೆಯಲ್ಲಿ ತೆಗೆದದ್ದು ತಪ್ಪು ಅಂತ ಬರೆದಿದ್ದೆ. ಒಳ್ಳೆ ನಂಬರ್ ಕೊಟ್ಟಿದ್ರು." ಸ್ವಾಮಿಗಳು ಕಿಟಕಿಯಿಂದ ಹೊರಗೆ ನೋಡಿದರು. "ಆಗ ನಾನು ಬಾಗಿಲ ಒಳಗಡೆ ಇರಲಿಲ್ಲ. ಅದಿರಲಿ. ಅಲ್ಲಿ ಪಟೇಲನ ಮುಂದೆ ನಿಂತಿರೋದು ಯಾರು ಹೇಳಿ."

ನೀಲಕಂಠಸ್ವಾಮಿ ನೋಡಿದರು. ಚನ್ನಬಸವಯ್ಯ ಬೆತ್ತವನ್ನು ಎರಡು ಕೈಯಲ್ಲೂ ಹಿಡಿದು ನೆಟ್ಟಗೆ ನಿಂತಿದ್ದರು. ತಾವು ಬಂದ ಮೂರು ಮೈಲಿ ಉದ್ದಕ್ಕೂ ಎದುರಿಗೇ ಇದ್ದದ್ದು ಅವರಿಗೆ ಈಗ ಕಂಡಿತು.

"ಕದ್ದ ಎಮ್ಮೆ ಮೇಲೆ ಕೂತ್ಕೊಂಡು ಠಾಣೆಗೆ ಬಂದಂಗಿದೆ," ಎಂದು ಸ್ವಾಮಿಗಳು ಎದ್ದರು.

ಅವರು ಹೊರಬಾಗಿಲಿಗೆ ಬಂದಾಗ ಪಟೇಲರು ಕಲ್ಲಿನ ಮೇಲೆ ಉದ್ದಕ್ಕೆ ಅಡ್ಡಬಿದ್ದರು. ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಕಾಲು ಮರಗಟ್ಟಿತ್ತು.

"ಸಿದ್ದಮಲ್ಲಪ್ಪ, ಆ ಬೆತ್ತ ಕೊಟ್ಟುಬಿಡು. ನಿಮ್ಮನೆಗೆ ಬರೋಕೆ ಈಗಲೇ ಗಾಡಿ ಕಟ್ಟಿಸ್ತೀನಿ."

"ಅದೊಂದು ಬುಟ್ಟು ಬೇರೆ ಏನಾರ ಕೇಳಿ ಬುದ್ಧಿ. ಊರ್ ಮುಂದೆ ಕೊಟ್ಟಿದ್ದು. ಈಗ ಕಿತ್ಕಂಡ್ರೆ ನಾಳೆ ನನ್ ಮಾತ್ಗೆ ಯಾವನು ಕೆರೆ ತೂಬು ಎತ್ತಾನು?"

"ಹಾಗಾದ್ರೆ ಇಲ್ಲಿ ಯಾಕೆ ನಿಂತಿದೀಯ?"

"ಅವ್ವನ್ಗೋಸ್ಕರ."

ಚನ್ನಬಸವಯ್ಯ ಇಬ್ಬರ ನಡುವೆ ನಿಂತಿದ್ದರು. ಯಾವ ಕಡೆ ಸರಿಯಬೇಕೆಂದು ತಿಳಿಯದೆ ನಿಂತಲ್ಲೇ ನಿಂತರು.

"ನಿಮ್ಮವ್ವನ ಮೇಲೆ ನನಗೇನೂ ಇಲ್ಲ," ಎಂದರು ಸ್ವಾಮಿಗಳು ನಿಧಾನವಾಗಿ. "ನಾನು ಮಾತು ಆಡಿರೋದು ನಿನ್ನ ಹೊಸಲಿನ ಮೇಲೆ. ಅದರ ಒಳಗೆ ಮಠದ ಕಾಲು ಬರಲ್ಲ. ಹೊಸಲಿನ ಈಚೆಗೆ ನಿಮ್ಮವ್ವ ಎಲ್ಲಿದ್ರೂ ನಾನೇ ಬರ್ತೀನಿ. ಗುರುವಾರ."

ಪಟೇಲರಿಗೆ ಇದು ಕ್ಷಮೆಯೋ ಅವಮಾನವೋ ದಾರಿಯುದ್ದಕ್ಕೂ ತೀರ್ಮಾನವಾಗಲಿಲ್ಲ. ಮಳಲಿಕೊಪ್ಪಲಿನಲ್ಲಿ ಕಾಯಿಲೆ ಮಲಗಿದ ಹಿರಿಯರನ್ನು ಉಸಿರಿರುವಾಗ ಹೊಸಲು ದಾಟಿಸುವುದಿಲ್ಲ. ದಾಟಿಸುವುದು ಒಂದೇ ಸಲ. ಮನೆಗೆ ಬಂದು ರುಮಾಲು ಸುತ್ತಿಕೊಂಡ ಮೇಲೆ, "ಆಗಕಿಲ್ಲ ಅಂತ ಏಳಿ ಕಳುಸ್ತೀನಿ" ಎಂದರು.

ದೊಡ್ಡತಾಯಮ್ಮ ಎಲ್ಲವನ್ನೂ ಮಂಚದ ಮೇಲಿಂದ ಕೇಳಿಸಿಕೊಂಡರು. "ಏನ್ ಆಗಕಿಲ್ಲ? ಎತ್ಕಂಡೋಗಿ ಕಣದಲ್ಲಿ ಮಡಗ್ರಲಾ."

ಸುಂದ್ರಮ್ಮ ಅಡುಗೆಮನೆಯಿಂದ ಬಂದರು. "ಅತ್ತೆ, ಬದುಕಿರೋರ್ನ ಹೊಸಲು ದಾಟಿಸ್ತಾರಾ?"

"ಮದ್ವೆ ಆಗಿ ಬಂದಾಗ ಒಳೀಕೆ ದಾಟಿದ್ನಲ್ಲ. ಆವಾಗೂ ಬದುಕೇ ಇದ್ದೆ ಕಣೆ."

"ಊರ್ ಏನಂದಾತು ಅವ್ವ?" ಎಂದರು ಪಟೇಲರು.

"ಊರ್ಗೆ ನೀನು ಪಟೇಲ. ನಂಗೆ ಏನೂ ಅಲ್ಲ." ಮುದುಕಿ ಗೋಡೆಯ ಕಡೆ ತಿರುಗಲು ನೋಡಿ, ಸೊಂಟ ಬಿಡದೆ, ಸೂರನ್ನು ನೋಡುತ್ತ ಮಲಗಿದರು. "ಬೆತ್ತನೂ ಕೊಡಕಿಲ್ಲ, ನನ್ನೂ ದಾಟ್ಸಕಿಲ್ಲ ಅಂದ್ರೆ ಎಂಗ್ಲಾ? ಒಂದಾರ ಬುಡು."

ಪಟೇಲರು ಬೆತ್ತ ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ನಾಲ್ಕು ಜನ ಮಂಚವನ್ನೇ ಎತ್ತಿ ಹೊಸಲು ದಾಟಿಸಿದರು. ಬೀದಿಯಲ್ಲಿ ಹೆಂಗಸರು ಬಾಗಿಲಿಗೆ ಬಂದರು. ಕಣದಲ್ಲಿ ಅರ್ಧ ಬಡಿದ ರಾಗಿ ಹರಡಿತ್ತು. ತೆನೆ ಒಕ್ಕುವ ರೋಣಗಲ್ಲು ಒಂದು ಪಕ್ಕಕ್ಕಿತ್ತು. ಮೆದೆಯ ನೆರಳಿನಲ್ಲಿ ಮಂಚ ಇಳಿಸಿದರು. ದೊಡ್ಡತಾಯಮ್ಮ ಕೈಚಾಚಿ ಒಂದು ತೆನೆ ತೆಗೆದುಕೊಂಡು ಉಜ್ಜಿ ನೋಡಿ, "ಇನ್ನೂ ಒಣಗಬೇಕು" ಎಂದರು.

ಸ್ವಾಮಿಗಳು ಮಠದ ಗಾಡಿಯಲ್ಲಿ ಬಂದರು, ಜೊತೆಗೆ ಶಿವನಂಜಯ್ಯ. ಪಟೇಲರು ಕಣದ ಅಂಚಿನಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಚನ್ನಬಸವಯ್ಯ ಬಂದಿರಲಿಲ್ಲ. ಶಿವನಂಜಯ್ಯ ಸ್ವಾಮಿಗಳ ಪಾದ ತೊಳೆದು ನೀರನ್ನು ಬಟ್ಟಲಿನಲ್ಲಿ ಹಿಡಿದರು. ಮುದುಕಿ ಮೂರು ಗುಟುಕು ಕುಡಿದರು. ವಿಭೂತಿ ಹಚ್ಚಿದ್ದಾಯಿತು.

"ಪಾದನೂ ಮಡಗ್ಬುಡಿ ಬುದ್ಧಿ."

"ಅದು ಈಗಲ್ಲವ್ವ. ಉಸಿರು ಹೋದ ಮೇಲೆ."

"ಆವಾಗ ನಂಗೆ ಗೊತ್ತಾಗಕಿಲ್ವಲ್ಲ. ನೀವು ಮಡಗಿದ್ರೋ, ಇವನು ಬ್ಯಾರೆ ಯಾರ್ ಕೈಲಾದ್ರೂ ಮಡಗ್ಸಿದ್ನೋ, ಯಾರ್ನ ಕೇಳ್ಲಿ?"

ಶಿವನಂಜಯ್ಯ ಸ್ವಾಮಿಗಳ ಮುಖ ನೋಡಿದರು. ಬದುಕಿರುವವರ ತಲೆಯ ಮೇಲೆ ಪಾದ ಇಡುವ ಪದ್ಧತಿ ಮಠದಲ್ಲಿ ಇಲ್ಲ. ಸ್ವಾಮಿಗಳು ಮಂಚದ ಹತ್ತಿರ ಬಂದರು. ಆಮೇಲೆ ಒಂದು ಕೈಯನ್ನು ಶಿವನಂಜಯ್ಯನ ಹೆಗಲಿಗೆ ಊರಿ, ಬಲಗಾಲೆತ್ತಿ, ಬೆರಳ ತುದಿಯನ್ನು ಮುದುಕಿಯ ಹಣೆಯ ಮೇಲಿನ ನೆರೆಗೂದಲಿಗೆ ತಾಗಿಸಿದರು. ವಯಸ್ಸಾದ ಕಾಲು, ಸ್ವಲ್ಪ ಅಲುಗುತ್ತಿತ್ತು. ದೊಡ್ಡತಾಯಮ್ಮ ಕಣ್ಣು ತೆರೆದೇ ಇದ್ದರು.

ಹೋಗುವಾಗ ಸ್ವಾಮಿಗಳು ಪಟೇಲರಿಗೆ ಒಂದೇ ಮಾತು ಹೇಳಿದರು. "ಮಣ್ಣಿಗೆ ಶಿವನಂಜಯ್ಯನ್ನ ಕಳಿಸ್ತೀನಿ. ಹೊಲಕ್ಕೆ. ಮನೆಗಲ್ಲ."

ಬೆತ್ತದ ವಿಷಯ ಇಬ್ಬರೂ ಎತ್ತಲಿಲ್ಲ. ಪೋಪರ, ರಾಜರ ಆ ಜಗಳ ಗ್ರೆಗರಿ ಸತ್ತು ಮೂವತ್ತೇಳು ವರ್ಷದ ಮೇಲೆ ತೀರ್ಮಾನವಾಯಿತೆಂದು ನೀಲಕಂಠಸ್ವಾಮಿ ಆ ವಾರ ದಪ್ಪ ಪುಸ್ತಕದಲ್ಲಿ ಓದಿದರು. ಉಂಗುರ, ಬೆತ್ತ ಗುರುಗಳ ಕಡೆಗೆ ಬಂದವು. ಜಮೀನಿನ ಹಕ್ಕಿನ ಗುರುತಾಗಿ ರಾಜ ಬೇರೆ ಒಂದು ಕೋಲು ಕೊಡಬೇಕೆಂದಾಯಿತು. ಬೆತ್ತವೊಂದು ಕಡೆ, ಜೋಳಿಗೆಯೊಂದು ಕಡೆ. ಅವರು ಇದನ್ನು ಪಟೇಲರಿಗೆ ಹೇಳಿದರು. ಪಟೇಲರು, "ಆಗ ಇಬ್ರೂ ಸತ್ತಿದ್ರಲ್ಲ" ಎಂದರು.

ದೊಡ್ಡತಾಯಮ್ಮ ಸಾಯಲಿಲ್ಲ. ಮಂಚ ಮತ್ತೆ ಒಳಗೆ ಹೋಯಿತು. ಅವರೆಕಾಳಿನ ಸಾರು ಚೆನ್ನಾಗಿ ಸೇರಿತು. ನೋಡಲು ಬಂದವರಿಗೆ, "ಪಾದ ಮಡಗಿಸ್ಕಂಡು ಇಂಗೆ ಕೂತಿರಾದು ಮರ್ವಾದೆ ಅಲ್ಲ, ಏನ್ ಮಾಡಾದು" ಎನ್ನುತ್ತಿದ್ದರು. ಶಿವರಾತ್ರಿ ಕಳೆದು ಎರಡನೆಯ ವಾರದ ಒಂದು ಬೆಳಗ್ಗೆ ಸುಂದ್ರಮ್ಮ ಕಾಫಿ ತೆಗೆದುಕೊಂಡು ಹೋದಾಗ ಉಸಿರು ಇರಲಿಲ್ಲ.

ಮನೆಯಿಂದ ಹೊರಡಿಸುವ ಕೆಲಸವನ್ನು ಚನ್ನಬಸವಯ್ಯ ಮಾಡಿದರು. ತಲೆಯ ಮೇಲೆ ಪಾದ ಇಡಲಿಲ್ಲ. "ಬುದ್ಧಿಯೋರೇ ಮಡಗವ್ರೆ, ಅದರ ಮ್ಯಾಲೆ ನಂದ್ಯಾಕೆ," ಎಂದು ಪಕ್ಕಕ್ಕೆ ಸರಿದರು.

ಹೊಲದ ಮೂಲೆಯಲ್ಲಿ ಗುಂಡಿ ತೋಡಿತ್ತು. ಅಲ್ಲಿ ಶಿವನಂಜಯ್ಯ ಕಾಯುತ್ತಿದ್ದರು. ಶವವನ್ನು ಕುರ್ಚಿಯಲ್ಲಿ ಕೂರಿಸಿ ತಂದಿದ್ದರು. ಕುರ್ಚಿಯನ್ನು ಗುಂಡಿಯ ಪಕ್ಕ ಇಳಿಸಿದ ಮೇಲೆ ಮೈ ವಾಲದಂತೆ ಪಟೇಲರೇ ಎರಡು ಕೈಯಲ್ಲೂ ತಾಯಿಯ ಹೆಗಲು ಹಿಡಿದು ನಿಂತರು. ಗುಂಡಿಯೊಳಗೆ, ಪಕ್ಕದ ಗೋಡೆಯಲ್ಲಿ, ಕೂರಿಸಲು ಗೂಡು ಕೊರೆದಿರುತ್ತಾರೆ. ಅದಕ್ಕೆ ವಿಭೂತಿ ಬಳಿದು ಶುದ್ಧಿ ಮಾಡಲು ಐನೋರೊಬ್ಬರು ಇಳಿಯಬೇಕು. ಶಿವನಂಜಯ್ಯನಿಗೆ ಮಂಡಿನೋವು. ಅವರು ಅಂಚಿಗೆ ಬಂದು, ಕೆಳಗೆ ನೋಡಿ, ಹಿಂದೆ ಸರಿದರು. ಚನ್ನಬಸವಯ್ಯ ಪಂಚೆ ಎತ್ತಿ ಕಟ್ಟಿಕೊಂಡರು. ಬೆತ್ತವನ್ನು ನೆಲದ ಮೇಲೆ ಮಲಗಿಸುವಂತಿಲ್ಲ. ಐನೋರಲ್ಲದವರ ಕೈಗೂ ಕೊಡುವಂತಿಲ್ಲ. ಅವರು ಸುತ್ತ ನೋಡಿದರು.

"ತತ್ತಾ ಇಲ್ಲಿ," ಎಂದು ಶಿವನಂಜಯ್ಯ ಕೈನೀಡಿ ತೆಗೆದುಕೊಂಡರು.

ಚನ್ನಬಸವಯ್ಯ ಕೆಳಗೆ ಬಹಳ ಹೊತ್ತು ಕೆಲಸ ಮಾಡಿದರು. ಮೇಲೆ ಬಂದು ಕೈಯ ಮಣ್ಣು ಒರೆಸಿಕೊಂಡರು. ಮುಂದಿನ ಮಂತ್ರ ಹೇಳಲು ತಮ್ಮ ಕೈ ಖಾಲಿಯಾಗಬೇಕಾಗಿದ್ದ ಶಿವನಂಜಯ್ಯ, ಬೇರೇನೂ ಯೋಚಿಸದೆ, ಬೆತ್ತವನ್ನು ಅವರ ಕೈಗೆ ಕೊಟ್ಟರು.

ಕೊಟ್ಟಾದ ಮೇಲೆ ಅವರಿಗೆ ತಿಳಿಯಿತು. ಮಠದ ಐನೋರು ಊರಿನ ಎದುರಿಗೆ ಚನ್ನಬಸವಯ್ಯನಿಗೆ ಬೆತ್ತ ಕೊಟ್ಟಿದ್ದರು. ಗುಂಪಿನಲ್ಲಿ ಯಾರೋ ಕೆಮ್ಮಿದರು. ಹಿಂದಿನಿಂದ ಒಬ್ಬರು, "ಅಲ್ಲಿಗಾತು ಬುಡು" ಎಂದದ್ದು ಕೇಳಿಸಿತು. ಶಿವನಂಜಯ್ಯನ ಕೈ ಅರ್ಧಕ್ಕೆ ಮುಂದೆ ಚಾಚಿಯೇ ಇತ್ತು. ಹಿಂದಕ್ಕೆ ಕೇಳುವುದು ಶವದ ಮುಂದೆ ಆಗುವ ಕೆಲಸವಲ್ಲ. ಅವರು ಕೈಮುಗಿದುಕೊಂಡು ಮಂತ್ರಕ್ಕೆ ತೊಡಗಿದರು. ಚನ್ನಬಸವಯ್ಯ ಒಂದು ಹೆಜ್ಜೆ ಹಿಂದೆ ನಿಂತು ದನಿ ಸೇರಿಸಿದರು.

ಪಟೇಲರು ಅದನ್ನು ನೋಡಿದರೋ ಇಲ್ಲವೋ ನೀಲಕಂಠಸ್ವಾಮಿಗೆ ಗೊತ್ತಾಗಲಿಲ್ಲ. ಅವರ ಕಣ್ಣು ಗುಂಡಿಯ ಮೇಲಿತ್ತು. ಮಂತ್ರ ನಿಂತಾಗ ಅವರು ತಲೆಯೆತ್ತದೆ ಕೇಳಿದರು.

"ಆಳ ಸರಿ ಅದಾ ನೋಡಿ ಮೇಷ್ಟ್ರೇ. ಅವ್ವನ್ಗೆ ಕಮ್ಮಿ ಆಗಬಾರ್ದು."

ಆ ಊರಿನಲ್ಲಿ ಗುಂಡಿಯ ಆಳ ಸತ್ತವರ ಪಾದದ ಉದ್ದದ ಒಂಬತ್ತರಷ್ಟು. ಬೆಳಗ್ಗೆ ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ದಾರ ಹಿಡಿದು ಗಂಟು ಹಾಕಿದ್ದರು. ನೀಲಕಂಠಸ್ವಾಮಿ ಶಾಲೆಯ ಟೇಪನ್ನು ದಾರಕ್ಕೆ ಹಿಡಿದು ನೋಡಿದರು, ಇಪ್ಪತ್ತೊಂದು ಸೆಂಟಿಮೀಟರ್. ಆಮೇಲೆ ಟೇಪಿನ ತುದಿಗೆ ಒಂದು ಕಲ್ಲು ಕಟ್ಟಿ, ಅಂಚಿನಲ್ಲಿ ಕೂತು, ತಳ ಮುಟ್ಟುವ ತನಕ ಬಿಟ್ಟು ಓದಿದರು. ಒಂಬತ್ತು ಪಾದಕ್ಕೆ ಸರಿಯಾಗಿ ಒಂದು ಮೀಟರ್ ಎಂಬತ್ತೊಂಬತ್ತು ಸೆಂಟಿಮೀಟರ್ ಇತ್ತು.